ಬೀಗದ ಮೇಲಿನ ಹೆಸರು

ಬೀಗ ಕ್ಲಿಕ್ಕೆಂದಿತು. ಅಷ್ಟು ಸಣ್ಣ ಸದ್ದಿಗೆ ಬೆನ್ನು ತಣ್ಣಗಾಗುವ ಕಾರಣವಿರಲಿಲ್ಲ. ಈ ಕೆಲಸಕ್ಕೆ ಸೇರಿದಾಗಿನಿಂದ ಗ್ಲೆನ್ ಪಾಸ್ಕೋ ದಿನಾ ಕೇಳುತ್ತಿದ್ದ ಸದ್ದೇ ಅದು. ಈರುಳ್ಳಿ ಶೆಡ್ಡಿನ ಗೋಡೆಗೆ ಕಪಾಟಿನಷ್ಟು ದೊಡ್ಡ ಸ್ವಿಚ್ ಬೋರ್ಡು. ಅದರ ಮೇನ್ ಸ್ವಿಚ್ಚನ್ನು ಜೊತೆಯ ಎಲೆಕ್ಟ್ರಿಷಿಯನ್ ಟೀಗನ್ ಕೆಳಕ್ಕೆಳೆದು, ಅದಕ್ಕೊಂದು ಉಕ್ಕಿನ ಕೊಂಡಿ ಸಿಕ್ಕಿಸಿ, ಕೊಂಡಿಯ ಒಂದು ತೂತಿಗೆ ತನ್ನ ಕೆಂಪು ಬೀಗ ಹಾಕಿದ್ದಳು. ಪಕ್ಕದ ತೂತು ಗ್ಲೆನ್‌ನದು. ಯಂತ್ರದೊಳಗೆ ಎಷ್ಟು ಜನ ಕೈ ಹಾಕುತ್ತಾರೋ ಅಷ್ಟು ಬೀಗ, ಒಬ್ಬೊಬ್ಬರ ಬೀಗಕ್ಕೂ ಅವರವರ ಹೆಸರಿನ ಟ್ಯಾಗ್, ಬೀಗದ ಕೈ ಅವರವರ ಜೇಬಿನಲ್ಲೇ. ಒಂದು ಬೀಗ ಉಳಿದಿದ್ದರೂ ಕರೆಂಟು ಹಾಕುವಂತಿಲ್ಲ. ಹಾಕಿದವನೇ ತೆಗೆಯಬೇಕು, ಅವನ ಹೆಂಡತಿಯಲ್ಲ, ಅವನ ಧಣಿಯಲ್ಲ, ಪ್ರಧಾನಮಂತ್ರಿ ಬಂದು ನಿಂತರೂ ಅಲ್ಲ ಎಂದು ಮೊದಲ ದಿನವೇ ಅವರ ಧಣಿ ಹೆಂಕ್ ಹೇಳಿದ್ದ. ಗ್ಲೆನ್ ತಾನು ಹಾಕಿದ ಬೀಗದ ಟ್ಯಾಗನ್ನು ಬೆರಳ ತುದಿಯಿಂದ ತಿರುಗಿಸಿ, ಹೆಸರು ಗೋಡೆಯ ಕಡೆಗಾಗುವಂತೆ ಬಿಟ್ಟ. ಗಾಳಿಗೆ ತಾನೇ ತಿರುಗಿತು ಎಂದುಕೊಳ್ಳಬಹುದಿತ್ತು. ಶೆಡ್ಡಿನಲ್ಲಿ ಗಾಳಿ ಇರಲಿಲ್ಲ.

ಅದು ಮಗ ಜೋಯಲ್‌ನ ಬೀಗ. ಅವನು ಸತ್ತ ಮೇಲೆ ಹೆಂಕ್ ಅವನ ಉಪಕರಣದ ಚೀಲವನ್ನು ತಂದು ಗ್ಲೆನ್‌ನ ಬೇಕರಿಯ ಹಿಂಬಾಗಿಲಲ್ಲಿಟ್ಟು, ಒಂದು ಬ್ರೆಡ್ಡು ಕೊಂಡು ಹೋಗಿದ್ದ. ಆ ಚೀಲ ಎರಡು ಚಳಿಗಾಲ ಮೈದಾ ಮೂಟೆಗಳ ಹಿಂದೆ ಕೂತಿತ್ತು. ಬೇಕರಿ ಮುಚ್ಚಿದ ದಿನ ಮೂಟೆ ಸರಿಸುವಾಗ ಕಣ್ಣಿಗೆ ಬಿತ್ತು. ಅದರ ಮೇಲಿನ ಹಿಟ್ಟನ್ನು ಅಂಗೈಯಲ್ಲಿ ಒರೆಸುತ್ತಿದ್ದಾಗಲೇ ಗ್ಲೆನ್‌ಗೆ, ಯಾರೋ ಕಿವಿಯ ಹತ್ತಿರ ಬಂದು ಹೇಳಿದಂತೆ, ಹೆಂಕ್‌ನ ಬಳಿ ಹೋಗಿ ಕೆಲಸ ಕೇಳಬೇಕೆನ್ನಿಸಿತ್ತು. ನಲವತ್ತೆಂಟರ ಗಂಡಸು, ಅರ್ಧ ಆಯಸ್ಸು ಹಿಟ್ಟು ನಾದಿದವನು, ಹದಿನೆಂಟರ ಹುಡುಗರು ಕಲಿಯುವ ಕಸುಬನ್ನು ಅ ಆ ಇ ಈಯಿಂದ ಕಲಿಯುತ್ತೇನೆಂದಾಗ ಹೆಂಕ್ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅವನು ಬಹಳ ಹೊತ್ತು ತನ್ನ ಬೂಟು ನೋಡಿಕೊಂಡು, "ಮೂರು ತಿಂಗಳು ನೋಡೋಣ, ಗ್ಲೆನ್" ಎಂದಿದ್ದ. ಆ ಮೂರು ತಿಂಗಳು ಈ ಶುಕ್ರವಾರಕ್ಕೆ ಮುಗಿಯುತ್ತದೆ. ಹೆಂಕ್ ಹೂಂ ಎಂದರೆ ನಾಲ್ಕು ವರ್ಷದ ಕಲಿಕೆ; ಉಹೂಂ ಎಂದರೆ ಅಲ್ಲಿಗೆ ಮುಗಿಯಿತು, ಈ ವಯಸ್ಸಿನವನನ್ನು ಸೇರಿಸಿಕೊಳ್ಳುವ ಇನ್ನೊಬ್ಬ ಧಣಿ ಈ ಕರಾವಳಿಯಲ್ಲಿಲ್ಲ. ಆ ಹೂಂ ಒಂದಕ್ಕಾಗಿ ಗ್ಲೆನ್ ಮೊಣಕಾಲು ನೋವನ್ನು ನುಂಗಿ ಮನೆಗಳ ಅಡಿಯಲ್ಲಿ ತೆವಳಿದ್ದ, ಇಲಿ ಸತ್ತ ಅಟ್ಟಗಳಲ್ಲಿ ಕೇಬಲ್ ಎಳೆದಿದ್ದ. ಅವನ ಹೆಸರು ಬರೆದ ಹೊಸ ಬೀಗವನ್ನೂ ಹೆಂಕ್ ಕೊಟ್ಟಿದ್ದ. ಆದರೆ ಇವತ್ತು ಬೆಳಿಗ್ಗೆ ಕೈ ಜೋಯಲ್‌ನ ಆ ಚೀಲದ ಪಕ್ಕದ ಜೇಬಿಗೆ ಹೋಯಿತು, ಅಲ್ಲಿ ತಣ್ಣಗಿನದೊಂದು ಬೆರಳಿಗೆ ತಗಲಿತು. ಹಿಟ್ಟಿಗೆ ಒಂದು ಚಮಚ ನೀರು ಹೆಚ್ಚಾದರೂ ತಿಳಿಯುತ್ತಿದ್ದ ಬೆರಳಿಗೆ ಅದು ತನ್ನ ಬೀಗವಲ್ಲವೆಂದು ತಿಳಿಯಲಿಲ್ಲವೆಂದರೆ ಯಾರು ನಂಬುತ್ತಾರೆ? ಬಾಯಿ ತೆರೆದೇ ಇದ್ದ ಬೀಗ, ಒತ್ತಿದರೆ ಮುಚ್ಚಿಕೊಳ್ಳುವಂಥದು. ಅದರ ಕೈ ಜೋಯಲ್‌ನ ಕಾರಿನ ಕೀ ಗೊಂಚಲಿನಲ್ಲಿತ್ತು. ಆ ಗೊಂಚಲು ಕೊನೆಗೂ ಯಾರಿಗೂ ಸಿಗಲಿಲ್ಲ.

"ಟೆಸ್ಟರ್ ತಗೊಳ್ಳಿ," ಎಂದಳು ಟೀಗನ್. ಅವಳಿಗೆ ಲೈಸೆನ್ಸ್ ಸಿಕ್ಕಿದ್ದು ಈಚೆಗಷ್ಟೇ. ಜೋಯಲ್ ಮತ್ತು ಅವಳು ಒಂದೇ ದಿನ ಹೆಂಕ್‌ನ ಬಳಿ ಕಲಿಯಲು ಸೇರಿದವರು. ಆಗೆಲ್ಲ ಬೆಳಗಿನ ಹೊತ್ತು ಬೇಕರಿಯ ಹಿಂಬಾಗಿಲಿಗೆ ಬಂದು, "ಮಿಸ್ಟರ್ ಪಾಸ್ಕೋ, ಒಡೆದ ಮೀಟ್ ಪೈ ಇದ್ರೆ ಕೊಡಿ" ಎಂದು ಕೈ ಚಾಚುತ್ತಿದ್ದಳು. ಈಗ ಅವಳು ಹೇಳುವವಳು, ಅವನು ಮಾಡುವವನು. ಗ್ಲೆನ್ ಎಂದು ಕರೆಯುವ ಮುಂಚೆ ಅವಳ ನಾಲಿಗೆ ಈಗಲೂ ಒಂದು ಕ್ಷಣ ತಡೆಯುತ್ತದೆ, ಇನ್ನೊಂದು ಮೆಟ್ಟಿಲಿದೆಯೋ ಇಲ್ಲವೋ ಎಂದು ಕತ್ತಲಲ್ಲಿ ಕಾಲು ತಡೆದಂತೆ. "ಮೊದ್ಲು ಕರೆಂಟ್ ಇರೋದಕ್ಕೆ ಮುಟ್ಟಿಸಿ ನೋಡಿ. ಟೆಸ್ಟರ್ ಸರಿ ಇದೆ ಅಂತ ಗೊತ್ತಾಗ್ಬೇಕಲ್ಲ. ಆಮೇಲೆ ಇದು. ಆಮೇಲೆ ಮತ್ತೆ ಅದು."

"ಗೊತ್ತು."

"ಗೊತ್ತು ಅನ್ನೋರೇ ಸಾಯೋದು, ಗ್ಲೆನ್."

ಅಂದವಳೇ ಮುಖ ಆಚೆ ತಿರುಗಿಸಿ ಸ್ಕ್ರೂಡ್ರೈವರುಗಳನ್ನು ಸುಮ್ಮನೆ ಜೋಡಿಸತೊಡಗಿದಳು. ಇವನಿಗೆ ನೋವಾಗಲಿಲ್ಲ. ನೋವಾಯಿತೇನೋ ಎಂದು ಜನ ಹೀಗೆ ಮುಖ ತಿರುಗಿಸಿದಾಗ ಆಗುವ ದಣಿವು ಮಾತ್ರ ಆಯಿತು. ಅವನು ಟೆಸ್ಟರಿನ ಎರಡು ಮೊನೆಗಳನ್ನು ಪಕ್ಕದ ಕರೆಂಟಿದ್ದ ಪೆಟ್ಟಿಗೆಗೆ ಮುಟ್ಟಿಸಿದ, ದೀಪ ಹೊತ್ತಿತು. ಯಂತ್ರದ ತಂತಿಗೆ ಮುಟ್ಟಿಸಿದ, ಹೊತ್ತಲಿಲ್ಲ. ಮತ್ತೆ ಪೆಟ್ಟಿಗೆಗೆ, ಹೊತ್ತಿತು. ಈಗ ಮುಟ್ಟಬಹುದು. ಇಷ್ಟು ವರ್ಷ ಅವನು ಎಲ್ಲವನ್ನೂ ಮುಟ್ಟಿಯೇ ತಿಳಿದವನು. ಹಿಟ್ಟು ಹದಕ್ಕೆ ಬಂತೋ, ಒಲೆ ಕಾದಿತೋ, ಬ್ರೆಡ್ಡು ಒಳಗೆ ಬೆಂದಿತೋ, ಹೆಂಡತಿಯ ಮನಸ್ಸು ಇವತ್ತು ಸರಿಯಿದೆಯೋ ಇಲ್ಲವೋ, ಎಲ್ಲ ಅಂಗೈಗೆ ಗೊತ್ತಾಗುತ್ತಿತ್ತು. ಈ ಕಸುಬಿನ ಮೊದಲ ಪಾಠವೇ ಮುಟ್ಟಬೇಡ. ಖಚಿತವಾಗುವ ತನಕ ಪ್ರತಿ ತಂತಿಯಲ್ಲೂ ಜೀವವಿದೆಯೆಂದೇ ತಿಳಿ. ಡೆವನ್‌ಪೋರ್ಟಿನ ಟ್ರೇಡ್ ಸ್ಕೂಲಿನಲ್ಲಿ ಮೇಷ್ಟ್ರು ಇದನ್ನು ಹೇಳಿದಾಗ ಗ್ಲೆನ್ ಕಿಟಕಿಯ ಕಡೆ ನೋಡಿದ್ದ. ಮೊದಲ ದಿನ ಆ ತರಗತಿಗೆ ಅವನು ಕಾಲಿಟ್ಟಾಗ ಹುಡುಗರೆಲ್ಲ ಗಲಾಟೆ ನಿಲ್ಲಿಸಿ ನೆಟ್ಟಗೆ ಕೂತಿದ್ದರು, ಮೇಷ್ಟ್ರು ಬಂದರೆಂದು. ಅವನು ಮೇಜಿನ ಬಳಿ ಹೋಗದೆ ಹಿಂದಿನ ಸಾಲಿಗೆ ನಡೆದು ಕುರ್ಚಿ ಎಳೆದುಕೊಂಡಾಗ ಬಂದ ನಗು ಕೆಟ್ಟ ನಗುವೇನಲ್ಲ. ಆದರೂ ಮುಂದಿನ ವಾರ ಅವನು ಎಲ್ಲರಿಗಿಂತ ಮುಂಚೆ ಹೋಗಿ ಕೂತಿದ್ದ, ಬಾಗಿಲಿನಿಂದ ಒಳಗೆ ನಡೆದು ಬರುವುದು ತಪ್ಪಲೆಂದು. ಜೋಯಲ್ ಅಲ್ಲಿ ಕಲಿಯುವಾಗ ಕೂತಿದ್ದು ಯಾವ ಸಾಲಿನಲ್ಲಿ ಎಂದು ಯಾರನ್ನೂ ಕೇಳಲಿಲ್ಲ. ಪ್ರತಿ ವಾರ ಬೇರೆ ಬೇರೆ ಕುರ್ಚಿಯಲ್ಲಿ ಕೂತ.

ಈರುಳ್ಳಿ ವಿಂಗಡಿಸುವ ಯಂತ್ರ ಶೆಡ್ಡಿನ ಉದ್ದಕ್ಕೂ ಮಲಗಿತ್ತು. ಈ ತುದಿಯಲ್ಲಿ ಲಾರಿಗಳು ಸುರಿಯುವ ದೊಡ್ಡ ತೊಟ್ಟಿ, ಅಲ್ಲಿಂದ ಬೆಲ್ಟು, ಬೆಲ್ಟಿನ ಎರಡೂ ಬದಿ ಟೋಂಗಾದಿಂದ, ವನುವಾಟುವಿನಿಂದ ಸುಗ್ಗಿಗೆ ಬಂದ ಹೆಂಗಸರು, ಆ ತುದಿಯಲ್ಲಿ ಕೆಂಪು ಬಲೆ ಚೀಲಗಳು. ಇವತ್ತು ಬೆಲ್ಟು ನಿಂತಿದ್ದರಿಂದ ಎಲ್ಲರೂ ಮರದ ಪೆಟ್ಟಿಗೆಗಳ ಮೇಲೆ ಕೂತಿದ್ದರು. ಬಿಸಿಲಿನ ಪಟ್ಟೆಯಲ್ಲಿ ಈರುಳ್ಳಿ ಸಿಪ್ಪೆ ಹಾರಾಡುತ್ತಿತ್ತು. ಹತ್ತು ಗಂಟೆಯ ಚಹಾಕ್ಕೆ ಫೋರ್ಕ್‌ಲಿಫ್ಟ್ ಓಡಿಸುವ ಫೇಟು ತನ್ನ ಥರ್ಮಾಸು ತಂದು ಗ್ಲೆನ್‌ನ ಪಕ್ಕ ಕೂತ. ಅವನು ಕೂತರೆ ಪೆಟ್ಟಿಗೆ ನರಳುತ್ತಿತ್ತು.

"ಏನ್ ಯಜಮಾನ್ರೇ, ಇವತ್ತಾದ್ರೂ ನಿಮ್ಮ ಟೀಚರಮ್ಮ ಸ್ಕ್ರೂಡ್ರೈವರ್ ಕೊಟ್ರಾ?"

"ಹಿಡ್ಕೊಳೋಕೆ ಕೊಟ್ಟಿದಾಳೆ. ತಿರುಗಿಸೋದು ಮುಂದಿನ ವರ್ಷ."

"ಅಷ್ಟೊತ್ತಿಗೆ ಕಣ್ಣು ಕಾಣುತ್ತಾ?" ಫೇಟು ಮೈಯೆಲ್ಲ ಅಲುಗಿಸಿ ನಕ್ಕ. "ನಮ್ಮೂರಲ್ಲಿ ನಿಮ್ಮ ವಯಸ್ಸಿನೋರು ಚರ್ಚಲ್ಲಿ ಮುಂದಿನ ಬೆಂಚಲ್ಲಿ ಕೂತು ನಿದ್ದೆ ಹೊಡೀತಾರೆ. ನೀವು ನೋಡಿದ್ರೆ ಅಪ್ರೆಂಟಿಸು. ಮನೇಲಿ ಹೆಂಡ್ತಿ ಬಯ್ಯಲ್ವಾ?"

"ಬಯ್ಯಲ್ಲ," ಎಂದ ಗ್ಲೆನ್. ಬಯ್ದಿದ್ದರೆ ಮಾತಾದರೂ ಆಗುತ್ತಿತ್ತು. ಅವನು ಮೊದಲ ದಿನ ಆ ಚೀಲವನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆ ದಾಟಿದಾಗ ಹೆಂಡತಿ ರೋವೆನಾ ಚೀಲವನ್ನಷ್ಟೇ ನೋಡಿದ್ದಳು, ಅವನನ್ನಲ್ಲ; ಅಂದಿನಿಂದ ಬೆಳಿಗ್ಗೆ ಅವನು ಹೊರಡುವ ಹೊತ್ತಿಗೆ ಹಿತ್ತಲಲ್ಲಿರುತ್ತಾಳೆ. ಅದೇ ಅಡುಗೆಮನೆಯ ಬಾಗಿಲಿಗೆ ಒರಗಿ ಹಿಂದೊಮ್ಮೆ ಜೋಯಲ್ ನಿಂತಿದ್ದ. ಅಲ್ಲ, ಅದು ಅಡುಗೆಮನೆಯಲ್ಲ, ಬೇಕರಿಯ ನಾದುವ ಮೇಜಿನ ಆಚೆ ಬದಿ. ನೆನಪಿನಲ್ಲಿ ಈಗ ಜಾಗ ಬದಲಾಗುತ್ತಿದೆ, ಮಾತು ಮಾತ್ರ ಬದಲಾಗುತ್ತಿಲ್ಲ. "ಅಪ್ಪಾ, ನಂಗೆ ಇದು ಆಗ್ತಿಲ್ಲ." ಗ್ಲೆನ್ ಹಿಟ್ಟಿನ ಉಂಡೆ ಕಟ್ಟುತ್ತಿದ್ದ, ತಲೆಯೆತ್ತಲಿಲ್ಲ. ಕೈ ನಿಲ್ಲಿಸಿದರೆ ಹಿಟ್ಟು ಒಣಗುತ್ತದೆ. "ಹಿಡಿದಿದ್ದು ಮುಗಿಸಬೇಕು ಮಗಾ. ಇನ್ನೆರಡು ವರ್ಷ ತಾನೇ." "ಇನ್ನೆರಡು ವರ್ಷ," ಎಂದ ಜೋಯಲ್, ಕೈಯಲ್ಲಿ ಏನನ್ನೋ ಹಿಡಿದು ತೂಕ ನೋಡುವವನಂತೆ. ಆಮೇಲೆ ಒಂದು ಬನ್ನು ಎತ್ತಿಕೊಂಡು ಹೋದ. ಡೆಲೊರೇನ್ ಬಳಿ ರಸ್ತೆ ಹಗ್ಗ ಎಳೆದಂತೆ ನೆಟ್ಟಗಿದೆ. ಅವನ ಕಾರು ಅಲ್ಲಿ ರಸ್ತೆ ಬಿಟ್ಟಿಳಿದ ದಿನ ಮಳೆಯಿರಲಿಲ್ಲ, ಮಂಜಿರಲಿಲ್ಲ. ವಾಲಬಿ, ಆ ಸಣ್ಣ ಜಾತಿಯ ಕಾಂಗರೂ, ಅಡ್ಡ ಬಂದಿರಬೇಕು ಎಂದ ಪೊಲೀಸಿನವನು. ನಮ್ಮ ಕಡೆ ರಸ್ತೆಯಲ್ಲಿ ಏನೇ ಆದರೂ ವಾಲಬಿಯ ತಲೆಗೆ ಕಟ್ಟುವುದುಂಟು, ಪಾಪ ಅದು ಬಂದು ಅಲ್ಲವೆನ್ನುವುದಿಲ್ಲ. ಗ್ಲೆನ್ ವಾಲಬಿಯನ್ನು ಒಪ್ಪಿಕೊಂಡ. ರೋವೆನಾ ಒಪ್ಪಿದಳೋ ಇಲ್ಲವೋ ಅವನು ಕೇಳಲಿಲ್ಲ. ಅವಳ ಭುಜ ಮುಟ್ಟಿ ನೋಡುವುದನ್ನೂ ಆ ವಾರವೇ ಬಿಟ್ಟಿದ್ದ.

ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಸುಟ್ಟ ಕೇಬಲ್ ಕಿತ್ತು ಹೊಸದು ಹಾಕಿದ್ದರು, ಕೊನೆಯ ನಾಲ್ಕು ಸ್ಕ್ರೂಗಳನ್ನು ಟೀಗನ್ ಇವನಿಗೇ ಬಿಟ್ಟಿದ್ದಳು, ಆಮೇಲೆ ಒಂದೊಂದನ್ನೂ ತಾನು ಇನ್ನೊಮ್ಮೆ ಬಿಗಿ ನೋಡಿ, "ಚೆನ್ನಾಗಿದೆ. ಶುಕ್ರವಾರಕ್ಕೆ ಹೆಂಕ್ ಕೇಳಿದ್ರೆ ಹೇಳ್ತೀನಿ" ಎಂದಿದ್ದಳು. ಆ ಮಾತಿಗೆ ಎದೆಯೊಳಗೆ ಏನೋ ಬೆಚ್ಚಗಾಯಿತು, ನಾಚಿಕೆಯೂ ಆಯಿತು, ಹುಡುಗಿಯೊಬ್ಬಳು ತಲೆ ಸವರಿದಂತೆ. ಅಷ್ಟರಲ್ಲಿ ಅವಳಿಗೆ ಫೋನು ಬಂತು. ಹಿಂದಿನ ಕಟ್ಟಡದ ಕೋಲ್ಡ್ ಸ್ಟೋರೇಜಿನ ಫ್ಯಾನು ನೋಡಬೇಕಂತೆ. ಮಾತಾಡುತ್ತಲೇ ಅವಳು ಬೋರ್ಡಿನ ಬಳಿ ಹೋಗಿ ತನ್ನ ಬೀಗ ತೆಗೆದು ಜೇಬಿಗಿಳಿಸಿ, "ನಿಮ್ಮದು ತೆಗೆದು ಲೋರ್ನಾಗೆ ಹೇಳಿ. ಸ್ವಿಚ್ ಹಾಕೋದು ನಾನು ಬಂದ್ಮೇಲೆ" ಎಂದು ಹೊರಟುಹೋದಳು. ಟ್ಯಾಗು ಗೋಡೆಗೆ ಮುಖ ಮಾಡಿಕೊಂಡೇ ಇತ್ತು.

ಆಗಲೇ ಅವಳ ಹಿಂದೆ ಓಡಬಹುದಿತ್ತು. ಟೀಗನ್, ಒಂದು ತಪ್ಪಾಗಿದೆ ಎನ್ನಬಹುದಿತ್ತು. ಗ್ಲೆನ್ ಮೂಲೆಯ ನಲ್ಲಿಗೆ ಹೋಗಿ ಕೈ ತೊಳೆಯತೊಡಗಿದ. ಮೊಣಕೈವರೆಗೆ ಸೋಪು ಹಚ್ಚಿಕೊಂಡ, ಒಲೆಯ ಹಳೆ ಸುಟ್ಟಗಾಯಗಳ ಮೇಲೆಲ್ಲ. ಟವಲಿಗೆಂದು ಜಾಕೆಟ್ಟಿನ ಜೇಬಿಗೆ ಒದ್ದೆ ಕೈ ಹಾಕಿದಾಗ ತನ್ನ ಸ್ವಂತ ಬೀಗ ಸಿಕ್ಕಿತು, ಗ್ಲೆನ್ ಪಾಸ್ಕೋ ಎಂದು ಬರೆದದ್ದು. ಬೆಳಿಗ್ಗೆಯಿಂದ ಅಲ್ಲೇ ಇತ್ತು. ಅವನು ಅದನ್ನು ಮತ್ತೆ ಒಳಕ್ಕೆ ತಳ್ಳಿದ. ಅಷ್ಟರಲ್ಲಿ ಶೆಡ್ಡಿನ ಮೇಲ್ವಿಚಾರಕಿ ಲೋರ್ನಾ ಬೋರ್ಡಿನ ಮುಂದೆ ನಿಂತಿದ್ದಳು. ಈ ಸುಗ್ಗಿಗಷ್ಟೇ ಕ್ವೀನ್ಸ್‌ಲ್ಯಾಂಡಿನಿಂದ ಬಂದವಳು. ಊರಿನವರ ಸುದ್ದಿ ಅವಳಿಗೆ ಗೊತ್ತಿಲ್ಲ. ಹೊರಗೆ ಈರುಳ್ಳಿ ಲಾರಿಗಳು ಗೇಟಿನ ತನಕ ನಿಂತಿದ್ದವು. ಅವಳು ಟ್ಯಾಗು ತಿರುಗಿಸಿ ಓದಿ, ಸುತ್ತ ನೋಡಿ, ಕಚೇರಿಗೆ ಹೋದಳು. ಮೈಕು ಗರಗರ ಎಂದಿತು.

"ಜೋಯಲ್ ಪಾಸ್ಕೋ. ಜೋಯಲ್ ಪಾಸ್ಕೋ, ಸ್ವಿಚ್ ಬೋರ್ಡ್ ಹತ್ರ ಬಾರಪ್ಪ. ಎಲ್ರೂ ನಿಂಗೇ ಕಾಯ್ತಾ ಇದೀವಿ."

ಗ್ಲೆನ್‌ನ ಕೈಯಿಂದ ನೀರು ಬೂಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಆ ಹೆಸರನ್ನು ಕೊನೆಯ ಸಲ ಗಟ್ಟಿಯಾಗಿ ಹೇಳಿದವನು ಪಾದ್ರಿ, ಅದೂ ಗಾಜಿನ ಲೋಟ ಇಡುವಷ್ಟು ಮೆಲ್ಲಗೆ. ಆಮೇಲೆ ಊರಿನವರು 'ನಿಮ್ಮ ಹುಡುಗ' ಎಂದರು, ಇಲ್ಲವೇ ಹವಾಮಾನದ ಬಗ್ಗೆ ಮಾತಾಡಿದರು. ಈಗ ತಗಡಿನ ಚಾವಣಿಯ ಕೆಳಗೆ ಅದು ಮೊಳಗಿತು, ಸ್ವಲ್ಪ ಸಿಟ್ಟಿನಲ್ಲಿ, ಸ್ವಲ್ಪ ಬೇಸರದಲ್ಲಿ, ಊಟಕ್ಕೆ ತಡಮಾಡಿದ ಹುಡುಗನನ್ನು ಕರೆದ ಹಾಗೆ. ಹೆಂಗಸರು ಕತ್ತೆತ್ತಿ ಆಚೀಚೆ ನೋಡಿದರು. ಕಾಯುತ್ತಿದ್ದೇವೆ ಎಂದಳಲ್ಲ. ಇನ್ನೊಮ್ಮೆ ಕರೆಯಲಿ ಎಂದು ಗ್ಲೆನ್‌ಗೆ ಅನ್ನಿಸಿತು. ಬಾಯಾರಿದವನಿಗೆ ನೀರು ಬೇಕೆನ್ನಿಸುವ ಹಾಗೆ ಅನ್ನಿಸಿತು. ಅವಳು ಇನ್ನೊಮ್ಮೆ ಕರೆದಳು.

ಆಮೇಲೆ ಹೊರಬಂದು ನೇರ ಇವನ ಬಳಿಗೇ ಬಂದಳು. "ಜೋಯಲ್ ನಿಮ್ಮ ಜೊತೆಯವನಾ?"

"ಹೂಂ."

"ಎಲ್ಲಿ ಹೋದ?"

"ಗೊತ್ತಿಲ್ಲ," ಎಂದ ಗ್ಲೆನ್.

"ಟ್ಯಾಗಲ್ಲಿರೋ ನಂಬರಿಗೆ ಮಾಡಿದೆ. ಚಾಲ್ತಿಯಲ್ಲಿಲ್ಲ ಅಂತಿದೆ." ಅವಳು ನಿಂತ ಯಂತ್ರವನ್ನು ಒಮ್ಮೆ ಈ ತುದಿಯಿಂದ ಆ ತುದಿಗೆ ನೋಡಿದಳು. ದನಿ ಬೇರೆಯಾಯಿತು. "ಬೀಗ ಇದೆ ಅಂದ್ರೆ ಮನುಷ್ಯ ಒಳಗಿದಾನೆ ಅಂತ ಅರ್ಥ. ಫೇಟು, ಎಲ್ರನ್ನೂ ಎಬ್ಸು. ಬೆಲ್ಟಿನ ಕೆಳಗೆ ನೋಡಿ, ಪೆಟ್ಟಿಗೆ ಹಿಂದೆ ನೋಡಿ. ಎಲ್ಲಾದ್ರೂ ಎಚ್ಚರ ತಪ್ಪಿ ಬಿದ್ದಿದಾನೋ ಏನೋ."

ಹೆಂಗಸರು ಎದ್ದರು. ಏಪ್ರನ್ನು ಎತ್ತಿಕಟ್ಟಿ ಬೆಲ್ಟಿನಡಿಗೆ ಬಗ್ಗಿದರು, ಸಾಲು ಪೆಟ್ಟಿಗೆಗಳ ಸಂದಿಯಲ್ಲಿ ಹೊಕ್ಕರು, ತಮ್ಮ ತಮ್ಮ ಉಚ್ಚಾರದಲ್ಲಿ ಕರೆದರು. ಜೋವೆಲ್ಲ್. ಜೋಯೇಲೀ. ಫೇಟು ಏಣಿ ಹತ್ತಿ ಧೂಳಿನ ಪೈಪಿನ ಮೇಲೆಲ್ಲ ಟಾರ್ಚು ಹಾಯಿಸಿ ಕೆಳಗಿಳಿದು, ಗ್ಲೆನ್‌ನ ತೋಳು ಹಿಡಿದ. ಈಗ ಅವನ ಮುಖದಲ್ಲಿ ನಗುವಿರಲಿಲ್ಲ. "ಹೆಂಗಿದಾನೆ ಯಜಮಾನ್ರೇ ಹುಡುಗ? ದಪ್ಪಾನಾ, ಸಣ್ಣಾನಾ? ಸಂದಿಯಲ್ಲಿ ತೂರೋಷ್ಟು ಸಣ್ಣಾನಾ?"

"ಸಣ್ಣ," ಎಂದ ಗ್ಲೆನ್. "ಎತ್ತರ. ನನಗಿಂತ ಒಂದು ಹಿಡಿ ಎತ್ತರ. ಎಡಗಿವಿಗೆ ಒಂದು ರಿಂಗ್ ಹಾಕ್ತಾನೆ." ಹಾಕ್ತಾನೆ ಎಂದಿತು ಬಾಯಿ. "ಕರೆದ್ರೆ ಬೇಗ ಓಗೊಡಲ್ಲ. ಎರಡು ಮೂರು ಸಲ ಕರೀಬೇಕು."

"ಮತ್ತೆ ನೀವೂ ಕರೀರಿ, ನಿಂತ್ಕೊಂಡಿದೀರಲ್ಲ."

ಗ್ಲೆನ್ ಯಂತ್ರದ ಉದ್ದಕ್ಕೂ ನಡೆದ. ಒಂದೊಂದು ಕಂಬದ ಹಿಂದೆಯೂ ಇಣುಕಿದ, ಸಿಪ್ಪೆಯ ರಾಶಿಯನ್ನು ಕಾಲಿನಿಂದ ಸರಿಸಿದ. ಕರೆದ. "ಜೋಯಲ್." ಅವನಿಗೆ ನಿಜ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು, ಆದರೂ ಇಷ್ಟು ಜನ ಇಷ್ಟು ಶ್ರದ್ಧೆಯಿಂದ ಹುಡುಕುತ್ತಿರುವಾಗ ಅವರ ಹುಡುಕಾಟಕ್ಕೇ ಒಂದು ಬಲ ಇರುವಂತೆ, ಅದನ್ನು ನಿಲ್ಲಿಸಿದವನೇ ತಪ್ಪಿತಸ್ಥನೆನ್ನಿಸುವಂತೆ ಇತ್ತು. ಅವತ್ತು ಹುಡುಕುವುದಕ್ಕೆ ಏನೂ ಉಳಿದಿರಲಿಲ್ಲ. ಪೊಲೀಸಿನವನು ಬಂದಾಗ ಎಲ್ಲ ಮುಗಿದಿತ್ತು, ಕೂಗಿ ಕರೆಯುವ ಒಂದು ಗಳಿಗೆಯನ್ನೂ ಯಾರೂ ಅವನಿಗೆ ಕೊಟ್ಟಿರಲಿಲ್ಲ. ಅವನು ಇನ್ನಷ್ಟು ಗಟ್ಟಿಯಾಗಿ ಕರೆದ. ಆಗ ತೊಟ್ಟಿಯ ಕಡೆಯಿಂದ ಒಂದು ಸದ್ದು ಬಂತು, ಕಿರುಚಾಟವಲ್ಲ, ಉಸಿರು ಒಳಕ್ಕೆಳೆದುಕೊಂಡ ಸದ್ದು. ಲೋರ್ನಾ ಈರುಳ್ಳಿ ಸುರಿಯುವ ಆ ಆಳದ ತೊಟ್ಟಿಯೊಳಗೆ ತಲೆ ಕೆಳಗಾಗಿ ಇಳಿದಿದ್ದಳು, ಅವಳ ಬೂಟುಗಳಷ್ಟೇ ಹೊರಗಿದ್ದವು.

ಅದೇ ಹೊತ್ತಿಗೆ ಟೀಗನ್ ಬಾಗಿಲಲ್ಲಿ ನಿಂತಿದ್ದಳು. ಮೈಕಿನ ಕರೆ ಹಿಂದಿನ ಕಟ್ಟಡಕ್ಕೂ ಕೇಳಿತ್ತು. ಓಡಿ ಬಂದದ್ದರಿಂದ ಏದುಸಿರು. ಅವಳು ಯಾರನ್ನೂ ಏನೂ ಕೇಳದೆ ಬೋರ್ಡಿನ ಬಳಿ ಹೋಗಿ ಟ್ಯಾಗನ್ನು ಕೈಯಲ್ಲಿ ಹಿಡಿದಳು. ಅದರ ಮೇಲಿನ ವಕ್ರ ಅಕ್ಷರ ಜೋಯಲ್ ಅವಳ ಕಣ್ಣೆದುರೇ ಬರೆದದ್ದಿರಬೇಕು. ಗ್ಲೆನ್ ಹತ್ತಿರ ಹೋದ.

"ಬೀಗದ ಕೈ ಎಲ್ಲಿ?" ಎಂದಳು, ತಿರುಗದೆ.

"ಅವನ ಹತ್ರ."

ಅವಳ ಭುಜ ಒಮ್ಮೆ ಮೇಲಕ್ಕೆ ಹೋಗಿ ಇಳಿಯಿತು. "ಅವರಿಗೆಲ್ಲ ಹೇಳಿ. ನಾನು ಹೇಳಲ್ಲ. ನೀವೇ ಹೇಳಿ."

ಅವನು ಹೇಳಿದ. ಶೆಡ್ಡಿನ ನಡುವೆ ನಿಂತು, ಹುಡುಕೋದು ನಿಲ್ಲಿಸಿ ಎಂದ. ಯಂತ್ರದಲ್ಲಿ ಯಾರೂ ಇಲ್ಲ, ಬೀಗ ನನ್ನ ಮಗನದು, ಅವನು ತೀರಿಹೋಗಿ ಎರಡು ವರ್ಷದ ಮೇಲಾಯಿತು, ಹಾಕಿದವನು ನಾನು ಎಂದ. ಬಗ್ಗಿದ್ದವರು ಒಬ್ಬೊಬ್ಬರಾಗಿ ನೆಟ್ಟಗಾದರು. ಟೋಂಗಾದ ಹಿರಿಯ ಹೆಂಗಸೊಬ್ಬಳು ಎದೆಯ ಮೇಲೆ ಕೈಯಿಟ್ಟುಕೊಂಡು ತನ್ನ ಭಾಷೆಯಲ್ಲಿ ಏನೋ ಅಂದಳು. ಫೇಟು ಟಾರ್ಚು ಆರಿಸಲು ಮರೆತು ಅದನ್ನು ನೆಲಕ್ಕೆ ಹಿಡಿದುಕೊಂಡೇ ನಿಂತ.

ಲೋರ್ನಾ ತೊಟ್ಟಿಯಿಂದ ಹೊರಬಂದಳು. ಮೊಣಕೈ ತರಚಿ ರಕ್ತ ಬಂದಿತ್ತು, ಕೂದಲಲ್ಲಿ ಸಿಪ್ಪೆ, ಬಲಗೈ ಮಣಿಕಟ್ಟಿನ ತನಕ ಕೊಳೆತ ಈರುಳ್ಳಿಯ ಲೋಳೆ. ಅವಳು ಬಯ್ಯಲಿಲ್ಲ. ಆ ಕೈಯನ್ನು ಅವನ ಮುಂದೆ ಹಿಡಿದಳು. "ತಳದಲ್ಲಿ ಕೈ ಹಾಕಿದಾಗ ಏನೋ ಮೆತ್ತಗೆ ಸಿಕ್ತು. ಕೊಳೆತ ಈರುಳ್ಳಿ. ಆದ್ರೆ ಈರುಳ್ಳಿ ಅಂತ ಗೊತ್ತಾಗೋಕ್ಕೆ ಮುಂಚೆ..." ಅವಳು ಎಡಗೈಯಿಂದ ಕೂದಲಲ್ಲಿದ್ದ ಸಿಪ್ಪೆ ಕಿತ್ತೆಸೆದಳು. "ನಂಗೂ ಮಕ್ಕಳಿದಾರೆ. ಆ ಗಳಿಗೇನ ನೀವು ನನ್ನ ಕೈಗೆ ಕೊಟ್ರಲ್ಲ. ಯಾಕೆ?"

ಆ ಗಳಿಗೆ ಎಂಥದೆಂದು ಗ್ಲೆನ್‌ಗೆ ಗೊತ್ತಿತ್ತು. ಪೊಲೀಸಿನವನು ಟೋಪಿ ತೆಗೆದು ಕೈಯಲ್ಲಿ ಹಿಡಿದದ್ದಕ್ಕೂ ಬಾಯಿ ತೆರೆದದ್ದಕ್ಕೂ ನಡುವಿನ ಗಳಿಗೆ ಅದು. ಅದನ್ನು ಯಾರಿಗೂ ಕೊಡಬಾರದೆಂದು ಅವನು ಬೇಕರಿ ಮುಚ್ಚಿದ್ದ, ಮಾತು ಬಿಟ್ಟಿದ್ದ, ರೋವೆನಾಳ ಭುಜ ಮುಟ್ಟುವುದನ್ನು ಬಿಟ್ಟಿದ್ದ. ಈಗ ಗುರುತಿಲ್ಲದ ಹೆಂಗಸೊಬ್ಬಳ ಕೈಗೆ ಕೊಟ್ಟಿದ್ದ. ತಪ್ಪಾಯಿತು ಎನ್ನುವ ಮಾತು ಇಂಥದ್ದಕ್ಕೆ ಸಾಲುವುದಿಲ್ಲವೆಂದು ತಿಳಿದೂ ಅದನ್ನೇ ಅಂದ. ಟೀಗನ್ ಒಂದು ಒದ್ದೆ ಬಟ್ಟೆ ತಂದು ಲೋರ್ನಾಳ ಕೈ ಒರೆಸಿದಳು.

ಹೆಂಕ್‌ನ ನಿಯಮಕ್ಕೆ ಒಂದೇ ವಿನಾಯಿತಿ: ಬೀಗದ ಒಡೆಯ ಇಲ್ಲವಾದರೆ ಅದನ್ನು ಕತ್ತರಿಸಲು ಧಣಿಯೇ ಬರಬೇಕು, ಬಂದು ಎಲ್ಲರ ಮುಂದೆ ಕೇಳಬೇಕು. ಹೆಂಕ್ ಡೆವನ್‌ಪೋರ್ಟಿನಿಂದ ಪಿಕಪ್ಪಿನಲ್ಲಿ ಬಂದ, ಉದ್ದ ಹಿಡಿಯ ಕಟ್ಟರ್ ಹೆಗಲ ಮೇಲೆ. ಟೀಗನ್ ಫೋನಿನಲ್ಲಿ ಎಲ್ಲ ಹೇಳಿದ್ದಳು. ಅವನು ಬೋರ್ಡಿನ ಮುಂದೆ ನಿಂತು, ಬೇರೆ ಯಾವ ಬೀಗಕ್ಕೂ ಕೇಳುವಂತೆಯೇ ಕೇಳಿದ. ಅದು ದಯೆಯೋ ಶಿಕ್ಷೆಯೋ ಗ್ಲೆನ್‌ಗೆ ತಿಳಿಯಲಿಲ್ಲ.

"ಈ ಬೀಗ ಯಾರದು?"

"ಜೋಯಲ್ ಪಾಸ್ಕೋದು."

"ಅವನು ಇಲ್ಲಿ ಎಲ್ಲಾದ್ರೂ ಇದಾನಾ?"

"ಇಲ್ಲ."

"ಈ ಯಂತ್ರದ ಹತ್ರ ವಾಪಸ್ ಬರ್ತಾನಾ?"

ಲಾರಿಯೊಂದು ಹೊರಗೆ ಹಾರನ್ನು ಹೊಡೆದು, ಏಕೋ ನಿಲ್ಲಿಸಿತು. ಹೆಂಗಸರೆಲ್ಲ ನೆಲ ನೋಡುತ್ತಿದ್ದರು. "ಬರಲ್ಲ," ಎಂದ ಗ್ಲೆನ್. ಆ ಮಾತನ್ನು ಅವನು ಯಾರಿಗೂ, ತನಗೂ, ಬಾಯಿಬಿಟ್ಟು ಹೇಳಿರಲಿಲ್ಲ. ಹೆಂಕ್ ಕಟ್ಟರ್ ಒತ್ತಿದ. ಬೀಗ ಟೀಗನ್‌ಳ ಅಂಗೈಗೆ ಬಿತ್ತು. ಅವಳು ಅದನ್ನೂ ಟ್ಯಾಗನ್ನೂ ತನ್ನ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡಳು. ಯಾರೂ ಅದನ್ನು ವಾಪಸ್ ಕೇಳಲಿಲ್ಲ.

ಬೆಲ್ಟು ತಿರುಗತೊಡಗಿದ ಮೇಲೆ ಹೆಂಕ್ ಅವನನ್ನು ಹೊರಗೆ ಕರೆದೊಯ್ದ. ಖಾಲಿ ಪೆಟ್ಟಿಗೆಗಳ ನೆರಳಲ್ಲಿ ಇಬ್ಬರೂ ನಿಂತರು. "ಶುಕ್ರವಾರ ಹೂಂ ಅನ್ನೋದು ಅಂತಿದ್ದೆ," ಎಂದ ಹೆಂಕ್. "ಈಗ ಆಗಲ್ಲ ಮಾರಾಯ. ಬೀಗ ಬದಲಾಗಿದ್ದಕ್ಕಲ್ಲ. ಅದು ಯಾವ ಹೊಸಬನಿಗೂ ಆಗುತ್ತೆ. ಅವರು ಹುಡುಕ್ತಿರೋವಾಗ ನೀನು ಸುಮ್ಮನಿದ್ದೆ ನೋಡು, ಅದಕ್ಕೆ. ನಾಳೆ ಟೀಗನ್ ಒಳಗಿರ್ತಾಳೆ, ಸ್ವಿಚ್ ಹತ್ರ ನೀನಿರ್ತೀಯ. ನಾನು ರಾತ್ರಿ ಹೇಗೆ ಮಲಗಲಿ ಹೇಳು."

"ಹೌದು," ಎಂದ ಗ್ಲೆನ್. ಆಮೇಲೆ, ಮರ್ಯಾದೆ ಬಿಟ್ಟು, "ನಂಗೆ ಈ ಕೆಲಸ ಬೇಕು, ಹೆಂಕ್" ಎಂದ.

"ಯಾರಿಗೆ? ನಿಂಗಾ?"

ಶೆಡ್ಡಿನೊಳಗೆ ಈರುಳ್ಳಿಗಳು ಬೆಲ್ಟಿನ ಮೇಲೆ ಉರುಳುವ ಸದ್ದು ಕೇಳುತ್ತಿತ್ತು. ಗ್ಲೆನ್ ಜಾಕೆಟ್ಟಿನ ಜೇಬಿನಲ್ಲಿದ್ದ ತನ್ನ ಹೆಸರಿನ ಬೀಗವನ್ನು ಬೆರಳಿನಿಂದ ತಡವಿದ.

"ತಪ್ಪು ನಂದೂ ಇದೆ," ಎಂದ ಹೆಂಕ್. "ನಿನ್ನ ನೋಡಿ ಸೇರಿಸ್ಕೊಳ್ಳಲಿಲ್ಲ ನಾನು. ಅವನನ್ನ ನೆನೆಸ್ಕೊಂಡು ಸೇರಿಸ್ಕೊಂಡೆ." ಗ್ಲೆನ್‌ನ ತೋಳನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟು, ತನ್ನ ಪಿಕಪ್ಪಿನ ಕಡೆ ನಡೆದ.

ಮನೆಗೆ ಬಂದಾಗ ಬಿಸಿಲು ಇನ್ನೂ ಹಿತ್ತಲ ಮೆಟ್ಟಿಲ ಮೇಲಿತ್ತು. ರೋವೆನಾ ಅಲ್ಲಿ ಕೂತು ಮಡಿಲಲ್ಲಿ ಬೋಗುಣಿಯಿಟ್ಟುಕೊಂಡು ಬೀನ್ಸಿನ ನಾರು ತೆಗೆಯುತ್ತಿದ್ದಳು. ಈ ಹೊತ್ತಿಗೆ ಅವನನ್ನು ಕಂಡು ಅವಳ ಕೈ ನಿಂತಿತು. ಅವನು ಕೆಲಸ ಹೋಯಿತೆಂದ, ಅವಳು ತಲೆಯಾಡಿಸಿದಳು, ಹೋಗುತ್ತದೆಂದು ಮೊದಲೇ ಗೊತ್ತಿದ್ದವಳಂತೆ. ಅಷ್ಟಕ್ಕೇ ಒಳಗೆ ಹೋಗಿಬಿಡಬಹುದಿತ್ತು. ಅವನು ನಿಂತೇ ಇದ್ದ.

"ಇವತ್ತು ಶೆಡ್ಡಲ್ಲಿ ಎಲ್ಲರೂ ಜೋಯಲ್‌ನ ಹುಡುಕಿದ್ರು, ರೋ."

ಅವಳು ಎದ್ದು ಹೋಗುತ್ತಾಳೆ ಎಂದುಕೊಂಡ. ಇಲ್ಲವೇ ಬೋಗುಣಿ ಎಸೆಯುತ್ತಾಳೆ. ಅವಳು ಬೆರಳಿಗಂಟಿದ ನಾರನ್ನು ಮೆಲ್ಲಗೆ ಬಿಡಿಸಿಕೊಂಡಳು. ಅವನು ಬೀಗದ ಸಂಗತಿ ಹೇಳಿದ, ಮುಚ್ಚಿಡದೆ, ಟ್ಯಾಗು ತಿರುಗಿಸಿದ್ದನ್ನೂ ಸೇರಿಸಿ, ಲೋರ್ನಾ ತನ್ನ ಲೋಳೆಗೈ ಮುಂದೆ ಹಿಡಿದದ್ದನ್ನೂ ಸೇರಿಸಿ.

"ಹೆಸರು ಹಿಡಿದು ಕರೆದ್ರಾ?" ಎಂದಳು.

"ಮೈಕಲ್ಲಿ ಕರೆದ್ರು. ಎರಡು ಸಲ. ಆಮೇಲೆ ಎಲ್ಲರೂ."

"ನೀನು?"

"ನಾನೂ ಕರೆದೆ."

ಅವಳು ಅಂಗಳದಾಚೆ ಎಲ್ಲೋ ನೋಡುತ್ತಿದ್ದಳು. ಕಣ್ಣು ತುಂಬಿತ್ತು, ದನಿ ಮಾತ್ರ ಸಂತೆಯಿಂದ ಬಂದವರನ್ನು ವಿಚಾರಿಸುವಷ್ಟು ಸಹಜವಾಗಿತ್ತು. "ಎಲ್ಲೆಲ್ಲಿ ನೋಡಿದ್ರು?"

"ಬೆಲ್ಟಿನ ಕೆಳಗೆ. ಪೆಟ್ಟಿಗೆ ಸಂದಿಯಲ್ಲಿ. ಫೇಟು ಅಂತ ಒಬ್ಬ, ಅವನು ಏಣಿ ಹತ್ತಿ..."

"ಹಂಗಲ್ಲ," ಎಂದಳು ರೋ. ಬೋಗುಣಿಯನ್ನು ಮಡಿಲಿನಿಂದೆತ್ತಿ ಕೆಳಗಿನ ಮೆಟ್ಟಿಲಿಗಿಟ್ಟು, ಅವನು ಕೂರುವಷ್ಟು ಪಕ್ಕಕ್ಕೆ ಸರಿದಳು. "ಒಂದೊಂದೇ ಜಾಗ ಹೇಳು. ಯಾವುದನ್ನೂ ಬಿಡಬೇಡ."